ಬೋರಮ್ಮನ ತಾರಸಿಗೆ ಬಂದ ಕಾಡಜ್ಜ

ಕಾಡಜ್ಜನ ಸುದ್ದಿ ಎತ್ತುವುದಕ್ಕೆ ನನಗೆ ಯಾವ ಅಧಿಕಾರವೂ ಇಲ್ಲ. ಕಾಡಂಚಿನ ಮುದುಕರು ಹೇಳಬೇಕಾದ್ದನ್ನು ಕೃಷ್ಣಮೂರ್ತಿಪುರಂನ ತಾರಸಿಗೆ ಎಳೆದು ತರುತ್ತಿದ್ದೇನೆ. ಹೆಚ್ಚುಕಮ್ಮಿಯಾದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ಕಾಡಿನೊಳಗಿದ್ದಾನೆ ಎಂದು ಅವರು ಹೇಳುವ ಈ ಕಾಡಜ್ಜನಿಗೆ ಮೈತುಂಬ ಕೂದಲು. ನಿಂತರೆ ನೀರಿನ ಟ್ಯಾಂಕಿನ ಎತ್ತರ. ಪಾದ ಮಾತ್ರ ಹಿಂದುಮುಂದು, ಹಿಮ್ಮಡಿ ಮುಂದಕ್ಕೆ, ಬೆರಳು ಹಿಂದಕ್ಕೆ.

ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಬೀದಿಯ ಹೆಂಗಸರೆಲ್ಲ ಸಂಡಿಗೆ ಇಡಲು ತಾರಸಿ ಹತ್ತಿದ್ದರು. ಪುಟ್ಟತಾಯಮ್ಮನ ತಾರಸಿಗೂ ಪಕ್ಕದ ಮನೆ ಬೋರಮ್ಮನ ತಾರಸಿಗೂ ನಡುವೆ ಒಂದು ಮೋಟುಗೋಡೆ, ಅಷ್ಟೆ. ಒಂದು ಮಧ್ಯಾಹ್ನ ಕಾಡಜ್ಜ ಬಂದವನೇ ಬೋರಮ್ಮ ಹಾಸಿದ್ದ ಪಂಚೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತ. ಒಣಗಿದ ಸಂಡಿಗೆಗಳನ್ನು ತಿಂದು, ಒಣಗದವನ್ನು ಒಂದೊಂದಾಗಿ ಮಗುಚಿಹಾಕಿ ಹೋದ. ಮಾರನೆಯ ದಿನವೂ ಹಾಗೇ.

ಬೋರಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿದ ಫೋಟೊದಲ್ಲಿ ಒಂದು ಮೊಣಕೈ ಕಂಡಿತು, ಮಿಕ್ಕದ್ದೆಲ್ಲ ಕೂದಲು. ಸುದ್ದಿ ಕೇಳಿ ಅರಣ್ಯ ಇಲಾಖೆಯವರೊಬ್ಬರು ಬಂದು ಹೆಜ್ಜೆ ಅಳೆದರು. ಹೆಜ್ಜೆಯ ಲೆಕ್ಕದಲ್ಲಿ ಪ್ರಾಣಿ ಮೊದಲು ಹೋಗಿ ಆಮೇಲೆ ಬಂದಿದೆ, ಆದ್ದರಿಂದ ಇನ್ನೂ ಮನೆಯೊಳಗೇ ಇರಬೇಕು ಅಂದರು. ಮಂಚದ ಕೆಳಗೆ ಬಗ್ಗಿ ನೋಡಿ, ಕಾಫಿ ಕುಡಿದು ಹೋದರು.

"ಅಜ್ಜಂಗೆ ನಮ್ಮನೆ ರುಚಿ ಹತ್ಬುಟ್ಟದೆ ಕಣಮ್ಮ," ಅಂದಳು ಬೋರಮ್ಮ ಗೋಡೆಯಾಚೆಯಿಂದ. "ನಿಮ್ಮ ಕಡೆ ತಿರುಗೂ ನೋಡಲ್ವಲ್ಲ, ಪಾಪ."

ಪುಟ್ಟತಾಯಮ್ಮನಿಗೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಯಿತು. ಮೂವತ್ತು ವರ್ಷದಿಂದ ಬೀದಿಯ ಮದುವೆಗಳಿಗೆಲ್ಲ ಅವಳದೇ ಸಂಡಿಗೆ. ಅವಳ ಅತ್ತೆ ಸಾಯುವಾಗ ಒಡವೆಯ ಮಾತೆತ್ತಲಿಲ್ಲ, ಸಂಡಿಗೆಯ ಹದ ಹೇಳಿ ಕಣ್ಣು ಮುಚ್ಚಿದ್ದರು. ಅಂಥ ಸಂಡಿಗೆ ಕಾಡಜ್ಜನ ಕಣ್ಣಿಗೆ ಬೀಳಲಿಲ್ಲ! ಒಂದೇ ಒಂದನ್ನು ಅವನು ಬಾಯಿಗೆ ಹಾಕಿಕೊಂಡಿದ್ದರೆ ಅವಳಿಗೆ ಸಾಕಿತ್ತು.

ಜೀರಿಗೆ ಹೆಚ್ಚಿಸಿದಳು. ಹಳೆ ಪಂಚೆ ತೆಗೆದು ಹೊಸ ಸೀರೆ ಹಾಸಿದಳು. ಅದರ ಗಂಜಿಗೆ ಸಂಡಿಗೆ ಅಂಟಿಕೊಂಡು ಎಬ್ಬಿಸುವುದೇ ಒಂದು ಪಾಡಾಯಿತು. ಗಂಡ ದೇವಯ್ಯ, ಅಜ್ಜನಿಗೆ ಲಗ್ನಪತ್ರಿಕೆಯನ್ನೂ ಕಳಿಸಿಬಿಡು ಅಂದ. ಆ ದಿನ ಅವನ ಸಾರಿಗೆ ಉಪ್ಪು ಬೀಳಲಿಲ್ಲ.

ಕೊನೆಗೆ ಅವಳು ಟ್ಯಾಂಕಿನ ಹಿಂದೆ ಅಡಗಿ ಕೂತಳು. ಕಾಡಜ್ಜ ಬಂದ. ನಿಜಕ್ಕೂ ಅವಳ ಕಡೆಗೇ ಬಂದು, ಗೋಡೆಯ ಮೇಲೆ ಒಂದು ಕಾಲನ್ನೂ ಇಟ್ಟ. ಅಲ್ಲೇ ನಿಂತುಬಿಟ್ಟ. ಬೋರಮ್ಮನ ಕಣ್ಣು ಬೀಳದಿರಲಿ ಎಂದು ಪುಟ್ಟತಾಯಮ್ಮ ಸಂಡಿಗೆಯ ತಲೆದೆಸೆಗೆ ದೃಷ್ಟಿಬೊಂಬೆ ಕಟ್ಟಿದ್ದಳು, ಗಿರಿಜಾಮೀಸೆಯದು, ನಾಲಿಗೆ ಚಾಚಿದ್ದು. ಕಾಡಜ್ಜ ಅದನ್ನು ಮೇಲಿಂದ ಕೆಳಗೆ ನೋಡಿದ. ಈ ತಾರಸಿಗೆ ಆಗಲೇ ಹಿರಿಯರೊಬ್ಬರು ಬಂದಿದ್ದಾರೆ ಅನ್ನುವಂತೆ ಕೈಮುಗಿದು, ಕಾಲು ಹಿಂದಕ್ಕೆಳೆದುಕೊಂಡು ಬೋರಮ್ಮನ ಪಂಚೆಯ ಮುಂದೆ ಹೋಗಿ ಕೂತ.

ಪುಟ್ಟತಾಯಮ್ಮ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಬೆಳಗಾಗುತ್ತಲೇ ಬೊಂಬೆ ಬಿಚ್ಚಿದಳು. ಬೋರಮ್ಮನ ಕಣ್ಣು ಬಿದ್ದರೆ ಬೀಳಲಿ.

ಮಧ್ಯಾಹ್ನ ಕಾಡಜ್ಜ ಗೋಡೆ ದಾಟಿದ. ಬೋರಮ್ಮ ಬಟ್ಟೆ ಒಣಹಾಕುವುದು ಬಿಟ್ಟು ನೋಡುತ್ತ ನಿಂತಳು. ಅವಳ ಮುಖ ಬಾಡಿದ್ದು ಕಂಡು ಪುಟ್ಟತಾಯಮ್ಮನ ಜೀವ ತಂಪಾಯಿತು. ಕಾಡಜ್ಜ ಒಂದು ಸಂಡಿಗೆ ಎತ್ತಿ ಬಾಯಿಗಿಟ್ಟ. ಬಹಳ ಹೊತ್ತು ಅಗಿದ. ಪುಟ್ಟತಾಯಮ್ಮನ ಮುಖವನ್ನೊಮ್ಮೆ ನೋಡಿ, ಎದ್ದು ಹೋದ.

ಆಮೇಲೆ ಅವನು ಬರಲೇ ಇಲ್ಲ, ಯಾರ ತಾರಸಿಗೂ.

"ಓಡಿಸ್ಬುಟ್ಟೆ ಕಣಮ್ಮ ನೀನು," ಅಂದಳು ಬೋರಮ್ಮ.

"ಹೊಟ್ಟೆ ತುಂಬ್ತು, ಹೋದ," ಅಂದಳು ಪುಟ್ಟತಾಯಮ್ಮ.

ಹಾಗಂದಳೇ ಹೊರತು, ಈಗಲೂ ಹಿಟ್ಟು ಕಲಸುವಾಗ ಮೂರು ಮೂರು ಸಲ ರುಚಿ ನೋಡುತ್ತಾಳೆ. ಅವನಿಗೆ ಆ ಸಂಡಿಗೆ ಹಿಡಿಸಿತೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.