ಹೊಟ್ಟೆಯ ಕೆಳಗಿನ ಗಾಜು

“ಅದನ್ನ ಇನ್ನೊಂದ್ಸಲ ತಿರುಗಿಸಿ,” ಎಂದರು ಅತ್ತೆ.

ಅಳಿಯ ಆಶ್ಚರ್ಯದಿಂದ ತಲೆಯೆತ್ತಿದ. ಮಂಡಿಯ ಆಪರೇಷನ್ ಆಗಿ ಮಗಳ ಮನೆಗೆ ಬಂದಾಗಿನಿಂದ ಅತ್ತೆ ಅವನ ಮೇಜಿನ ಕಡೆ ಸುಳಿದವರೇ ಅಲ್ಲ. ಪೇಂಟಿನ ವಾಸನೆಗೆ ಮೂಗು ಮುಚ್ಚಿಕೊಂಡು ದಾಟಿಹೋಗುತ್ತಿದ್ದರು. ಇವತ್ತು ಊರುಗೋಲು ಹಿಡಿದು ಪಕ್ಕದಲ್ಲೇ ಬಂದು ನಿಂತಿದ್ದಾರೆ. ಅವನಿಗೆ ಖುಷಿಯೇ ಆಯಿತು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಬೇರೆಯವರ ಕಣ್ಣು ಪರೀಕ್ಷಿಸಿ ಬರುವ ಅವನಿಗೆ ಪ್ಲಾಸ್ಟಿಕ್ ವಿಮಾನ ಜೋಡಿಸುವುದೊಂದು ಹುಚ್ಚು. ಆ ಹುಚ್ಚಿನ ಬಗ್ಗೆ ಮನೆಯಲ್ಲಿ ಯಾರೂ ಒಂದು ಮಾತು ಕೇಳಿದವರಲ್ಲ.

ರೆಕ್ಕೆಯ ತುದಿಗಳನ್ನು ಎರಡೇ ಬೆರಳಲ್ಲಿ ಹಿಡಿದು ಅವನು ವಿಮಾನವನ್ನು ಅಂಗಾತ ಮಾಡಿದ. ಬೆನ್ನಿಗೆ ಹಸಿರು, ಕಂದು. ಹೊಟ್ಟೆಗೆ ಮಾತ್ರ ಮೋಡದ ಬೂದು. ಇನ್ನೂ ಪೂರ್ತಿ ಒಣಗಿರಲಿಲ್ಲ.

“ಬಾಂಬರ್ ಅತ್ತೆ. ಹಳೇ ಯುದ್ಧದ್ದು. ಮುಂದಿನ ವಾರ ಪ್ರದರ್ಶನಕ್ಕಿಡ್ತೀನಿ. ಈ ಗಾಜಿನ ಗುಳ್ಳೆ ನೋಡಿ, ಹೊಟ್ಟೆ ಕೆಳಗೆ. ಇದರ ಅಂಚಿಗೆ ಬಣ್ಣ ಹಚ್ಚೋಷ್ಟರಲ್ಲಿ ನನ್ನ ಉಸಿರೇ ನಿಂತುಹೋಗಿತ್ತು. ಇದರೊಳಗೆ ಒಬ್ಬ ಕೂರ್ತಿದ್ದ.”

“ಏನ್ ಮಾಡ್ತಿದ್ದ ಅವನು?”

“ಗುರಿ ನೋಡೋನು. ಅವನು ಹೇಳಿದ ಮೇಲೇ ಬಾಂಬ್ ಬೀಳೋದು. ಕೆಳಗೆ ಬಂದ್ರೆ ರಸ್ತೇಲಿ ಹೋಗೋ ಸೈಕಲ್ ಕೂಡ ಕಾಣ್ತಿತ್ತಂತೆ.” ಅವನು ಭೂತಗನ್ನಡಿಯನ್ನು ಅವರ ಕಡೆ ಸರಿಸಿದ. “ಒಳಗಿರೋನನ್ನ ನೋಡಿ. ಅಕ್ಕಿಕಾಳಿಗಿಂತ ಚಿಕ್ಕ ಮುಖ. ಕಣ್ಣೂ ಬರೆದಿದೀನಿ!”

ಅತ್ತೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಬಚ್ಚಲಲ್ಲಿ ಬಟ್ಟೆ ಒಗೆಯುವ ಮಷೀನು ಗಡಗಡ ತಿರುಗುತ್ತಿತ್ತು. ಅವನ ಹೆಂಡತಿ ಅಲ್ಲೇ ಬಕೆಟ್ಟುಗಳ ಜೊತೆ ಗುದ್ದಾಡುತ್ತಿದ್ದಳು.

“ಅಳಿಸು.”

“ಏನು?”

“ಆ ಕಣ್ಣು ಅಳಿಸು ಅಂದೆ.”

ಮದುವೆಯಾದಾಗಿನಿಂದ ಅತ್ತೆ ಅವನನ್ನು ಬಹುವಚನ ಬಿಟ್ಟು ಕರೆದಿರಲಿಲ್ಲ. ಅವನು ನಗಲು ನೋಡಿದ, ಆಗಲಿಲ್ಲ. “ಗುಳ್ಳೆ ಅಂಟಿಸಿಯಾಯ್ತು ಅತ್ತೆ. ತೆಗೀಬೇಕಂದ್ರೆ ಒಡೀಬೇಕು.”

“ಒಡಿ ಮತ್ತೆ.”

“ಎಷ್ಟು ತಿಂಗಳ ಕೆಲಸ ಗೊತ್ತಾ ಇದು?” ಅವನ ಕಿವಿ ಬಿಸಿಯಾಯಿತು. “ನಿಮಗಿಷ್ಟ ಇಲ್ದಿದ್ರೆ ಈ ಕಡೆ ಬರಬೇಡಿ. ನಾನೇನು ಯಾರ ಮೇಲೂ ಬಾಂಬ್ ಹಾಕಿದೀನಾ? ಇದು ಬರೀ ಪ್ಲಾಸ್ಟಿಕ್ಕು!”

“ಪ್ಲಾಸ್ಟಿಕ್ಕಿಗೆ ಯಾಕಪ್ಪಾ ಇಷ್ಟು ಮುದ್ದು? ಮಗೂಗೆ ಎಣ್ಣೆ ಹಚ್ಚೋ ಹಾಗೆ ಬಣ್ಣ ಹಚ್ಚಿದ್ದೀಯಲ್ಲ!” ಅತ್ತೆಯ ದನಿ ಕರ್ಕಶವಾಗಿತ್ತು. “ಕೂತ್ಕೋ ಕೆಳಗೆ.”

“ಅತ್ತೆ, ಸಾಕು ಮಾಡಿ.”

“ಕೂತ್ಕೋ ಅಂದೆ!” ಊರುಗೋಲು ನೆಲಕ್ಕೆ ಬಡಿಯಿತು. ಮೇಜಿನ ಮೇಲಿನ ಬ್ರಷ್ಷುಗಳು ಉರುಳಿದವು.

ಯಾಕೆ ಕೂತೆನೆಂದು ಅವನಿಗೇ ತಿಳಿಯಲಿಲ್ಲ. ತಣ್ಣನೆಯ ನೆಲದ ಮೇಲೆ, ಕುರ್ಚಿಯ ಕಾಲಿಗೆ ಒರಗಿ ಕೂತ. ಅತ್ತೆ ವಿಮಾನವನ್ನು ಒರಟಾಗಿ ಎತ್ತಿಕೊಂಡರು. “ಬಣ್ಣ ಒಣಗಿಲ್ಲ,” ಎಂದು ಅವನು ಕೂಗುವಷ್ಟರಲ್ಲಿ ಬೂದುಬಣ್ಣದ ಮೇಲೆ ಅವರ ಹೆಬ್ಬೆಟ್ಟು ಮೂಡಿಯಾಗಿತ್ತು. ಅವರು ಅದನ್ನು ಅವನ ತಲೆಯ ಮೇಲೆ ಹಿಡಿದು ಮೆಲ್ಲಗೆ ಮುಂದಕ್ಕೆ ತಂದರು.

“ಇದರ ಬೆನ್ನು ಹೇಗಿರುತ್ತೆ ಅಂತ ನನಗೆ ಗೊತ್ತಿಲ್ಲ. ಅದಕ್ಕೇ ಇಷ್ಟು ದಿನ ಗುರುತು ಸಿಕ್ಕಿರ್ಲಿಲ್ಲ. ನಾನು ನೋಡಿರೋದು ಇದನ್ನ. ಈ ಹೊಟ್ಟೇನ.”

ಅವನು ಕತ್ತು ಹಿಂದಕ್ಕೆ ವಾಲಿಸಿ ಮೇಲೆ ನೋಡಿದ.

“ಆ ಯುದ್ಧದ ಹೊತ್ತಿಗೆ ಅಪ್ಪನಿಗೆ ಗಡಿ ಊರಲ್ಲಿ ಕೆಲಸ. ತಾರಸಿ ಮೇಲೆ ಹಾಸಿಗೆ ಬಟ್ಟೆ ಒಣಹಾಕ್ತಿದ್ವಿ, ನಾನು, ನನ್ನ ತಂಗಿ. ಬಂತು. ಎಷ್ಟು ಕೆಳಗೆ ಅಂದ್ರೆ ಬಟ್ಟೆಯೆಲ್ಲ ಎದ್ದು ಹಾರಿದ್ವು. ಅವಳಿಗೆ ಇನ್ನೂ ಹಾಲುಹಲ್ಲು. ನಮ್ಮನ್ನ ನೋಡೋಕೇ ಬಂದಿದೆ ಅಂದ್ಕೊಂಡು ಎರಡೂ ಕೈ ಬೀಸಿದ್ಲು. ಗಾಜಲ್ಲಿ ಒಬ್ಬ ಇದ್ದ. ನಾನು ನೋಡಿದೆ. ಒಂದು ಸುತ್ತು ಹಾಕ್ಕೊಂಡು ಮತ್ತೆ ಬಂತು. ಅವಳು ಮತ್ತೆ ಬೀಸಿದ್ಲು.”

ಅವನ ಮುಖದ ನೇರಕ್ಕೆ ಗಾಜಿನ ಗುಳ್ಳೆಯಿತ್ತು. ಅದರೊಳಗೆ, ಒಂದೇ ಕೂದಲಿನ ಬ್ರಷ್ಷಿನಲ್ಲಿ ಅವನೇ ಇಟ್ಟ ಎರಡು ಚುಕ್ಕೆಗಳು ಅವನನ್ನೇ ನೋಡುತ್ತಿದ್ದವು. ಅವನಿಗೆ ಅಲ್ಲಿಂದ ಸರಿಯಬೇಕೆನಿಸಿತು.

“ಅವನಿಗೆ ನಾವು ಕಾಣಿಸ್ಲಿಲ್ಲ ಅಂದ್ಕೊಂಡೇ ಇಷ್ಟು ವರ್ಷ ಬದುಕಿದೀನಿ. ಮೇಲಿಂದ ನೋಡಿದ್ರೆ ಎಲ್ಲಾ ಇರುವೆ ಥರ, ಅವನಿಗೇನು ಗೊತ್ತಾಗತ್ತೆ ಅಂತ. ನೀನು ಕಣ್ಣು ಬರೆದು ಕೂರಿಸಿದೀಯ. ಸೈಕಲ್ ಕೂಡ ಕಾಣ್ತಿತ್ತು ಅಂತೀಯ. ಹಾಗಾದ್ರೆ ಅವಳನ್ನ ನೋಡ್ಕೊಂಡೇ ಬಾಂಬ್ ಹಾಕಿದ್ನಾ? ಹೇಳು. ಪುಸ್ತಕದಲ್ಲಿ ಎಲ್ಲಾ ಓದಿದ್ದೀಯಲ್ಲ, ಹೇಳು!”

ಅವನ ಸಿಟ್ಟು ಇನ್ನೂ ಹಾಗೇ ಇತ್ತು. ಅದು ಯಾರ ಮೇಲೆಂದು ಗೊತ್ತಾಗದೆ ಅವನು ಬೆರಳಿಗೆ ಮೆತ್ತಿದ್ದ ಬಣ್ಣವನ್ನು ಪ್ಯಾಂಟಿಗೆ ಒರೆಸಿದ, ಒರೆಸುತ್ತಲೇ ಇದ್ದ.

ಅತ್ತೆ ವಿಮಾನವನ್ನು ಮೇಜಿನ ಮೇಲೆ ಕುಕ್ಕಿದರು. ಒಂದು ಚಕ್ರ ಮುರಿದು ಉರುಳಿಹೋಯಿತು. ಇಬ್ಬರೂ ಅದರತ್ತ ನೋಡಲಿಲ್ಲ. ಅವರು ಕುರ್ಚಿಯಲ್ಲಿ ಕುಸಿದು, ಆಪರೇಷನ್ನಾದ ಕಾಲನ್ನು ಎರಡೂ ಕೈಯಿಂದ ಎತ್ತಿ ನೇರ ಮಾಡಿಕೊಂಡರು.

“ನಿಮ್ಮ ಮಗಳಿಗೆ ಗೊತ್ತಾ ಇದು?” ಅವನು ನೆಲದಿಂದಲೇ ಕೇಳಿದ.

“ಹೇಳಿಲ್ಲ. ತಂಗಿ ಇದ್ಲು ಅಂತಾನೇ ಹೇಳಿಲ್ಲ. ಯಾಕೆ ಹೇಳ್ಬೇಕು? ಹೇಳಿದ್ರೆ ಬರ್ತಾಳಾ?”

ಬಚ್ಚಲಲ್ಲಿ ಮಷೀನು ಒಮ್ಮೆ ಜೋರಾಗಿ ಗಡಗಡಿಸಿ ನಿಂತಿತು. ಮನೆಯೆಲ್ಲ ಒಮ್ಮೆಲೇ ಸ್ತಬ್ಧವಾಯಿತು.

“ಹೆಸರೇನು ಅವಳದು?”

ಅತ್ತೆ ಅವನನ್ನು ದುರುಗುಟ್ಟಿ ನೋಡಿದರು. ಆಮೇಲೆ, ಯಾರನ್ನೋ ಕೂಗಿ ಕರೆಯುವಂತೆ, ಆ ಹೆಸರನ್ನು ಗಟ್ಟಿಯಾಗಿ ಹೇಳಿದರು.

“ಏನಮ್ಮಾ, ನನ್ನ ಹೆಸರು ಕೂಗಿದ್ಯಾ?” ಬಚ್ಚಲಿನಿಂದ ಅವನ ಹೆಂಡತಿ ಓಗೊಟ್ಟಳು. “ಬಂದೆ, ಬಟ್ಟೆ ಹಿಂಡ್ತಿದೀನಿ.”