ಸೀದ ಹೂನೀರು

ದಲೆಂದಾ ತನ್ನ ಮೊದಲ ಪುಸ್ತಕ ಬರೆಯಲು ಕುಳಿತು ಆ ಏಪ್ರಿಲ್‌ಗೆ ಎರಡು ವರ್ಷವಾಗಿತ್ತು. ನಾಬೆಲ್ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತಳಾದವಳು ಅವಳು. ಬರೆಯಬೇಕೆಂದಿದ್ದದ್ದು ತೀರಿಹೋದ ತಾಯಿ ಶೆದ್ಲಿಯಾಳ ಬಗ್ಗೆ, ಕಹಿ ಕಿತ್ತಳೆಯ ಹೂವಿನಿಂದ ವರ್ಷ ವರ್ಷವೂ ಆಕೆ ಭಟ್ಟಿ ಇಳಿಸುತ್ತಿದ್ದ ಹೂನೀರಿನ ಬಗ್ಗೆ. ಲ್ಯಾಪ್‌ಟಾಪಿನಲ್ಲಿ ಇಷ್ಟು ದಿನಕ್ಕೆ ಮೂಡಿದ್ದು ‘ನನ್ನ ತಾಯಿ’ ಎಂಬ ಎರಡೇ ಪದ.

ಉಳಿದ ಹೊತ್ತೆಲ್ಲ ಇಂಟರ್ನೆಟ್ಟಿನ ಪಾಲು. ಯಾವ ಅಕ್ಷರಶೈಲಿ ಕಣ್ಣಿಗೆ ಹಿತ, ಬರೆಯುವವರು ಎಂಥ ಕುರ್ಚಿಯಲ್ಲಿ ಕೂರಬೇಕು, ಮೊದಲ ವಾಕ್ಯ ಹೇಗಿರಬೇಕು ಎಂದು ಹುಡುಕುತ್ತ ಹೋದರೆ ಬೆಳಗಿನ ಕಾಫಿ ಆರಿ ಮೇಲೆ ಕೆನೆ ಕಟ್ಟುತ್ತಿತ್ತು. ಯಾವುದೋ ದೇಶದ ಮುದುಕನೊಬ್ಬ ತಾಮ್ರದ ಪಾತ್ರೆಗೆ ಕಲಾಯಿ ಹಾಕುವುದನ್ನು ಅವಳು ಮೂರು ಸಲ ನೋಡಿದ್ದಳು. ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುತ್ತಿದ್ದದ್ದು ಹೂನೀರು ಇಳಿಸುವ ಹೆಂಗಸರ ಫೇಸ್‌ಬುಕ್ ಗುಂಪು. ಅಲ್ಲಿ ಯಾರು ಏನು ಕೇಳಿದರೂ ಮೊದಲ ಉತ್ತರ ದಲೆಂದಾಳದೇ.

ಆ ಪುಸ್ತಕಕ್ಕಾಗಿ ಕಾಯುತ್ತಿದ್ದವಳು ತಾಯಿಯ ತಂಗಿ, ಎಂಬತ್ನಾಲ್ಕರ ಖಾಲ್ತಿ ದೂಜಾ, ಎಂದರೆ ದೂಜಾ ಚಿಕ್ಕಮ್ಮ. ಎಡಗಿವಿ ಎಂದೋ ಹೋಗಿತ್ತು. ಬಲಗಿವಿಯೂ ಬೇಸಿಗೆ ದಾಟುವುದು ಅನುಮಾನ ಎಂದು ವೈದ್ಯರು ಹೇಳಿದ್ದರು.

“ನಂಗೆ ಇಡೀ ಪುಸ್ತಕ ಬೇಡ ಕಣೆ,” ಎಂದಿದ್ದಳು ಖಾಲ್ತಿ. “ಒಂದು ಪುಟ ಸಾಕು. ಅಕ್ಷರ ನಂಗೆ ಗೊತ್ತಿಲ್ಲ. ಇರೋದು ಇದೊಂದು ಕಿವಿ. ಅದು ಬಾಗಿಲು ಹಾಕ್ಕೊಳೋದ್ರೊಳಗೆ ನಮ್ಮಕ್ಕನ ಮಾತು ಒಂದಿಷ್ಟು ಓದಿ ಹೇಳು.”

ಆ ದಿನ ಅಂಗಳದ ಒಲೆಯ ಮೇಲೆ ಭಟ್ಟಿಯ ಹಂಡೆ ಏರಿತ್ತು. ಖಾಲ್ತಿ ಹೂವಿನ ಮೇಲೆ ನೀರು ಹುಯ್ದು, ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಮೇಲಿನ ಬೋಗುಣಿಗೆ ತಣ್ಣೀರು ತುಂಬಿದಳು. ಕೊಳವೆಯಿಂದ ಮೊದಲ ಹನಿ ಸೀಸೆಗೆ ಬಿದ್ದಾಗ ಎದ್ದಳು.

“ಮಧ್ಯಾಹ್ನದ ನಮಾಜು ಮುಗಿಸಿ ಸ್ವಲ್ಪ ಅಡ್ಡಾಗಿ ಬರ್ತೀನಿ. ಕೈ ನೀರಲ್ಲೇ ಇರ್ಲಿ. ಬೆಚ್ಚಗಾಯ್ತು ಅಂದ್ರೆ ಬದಲಾಯಿಸು. ಉರಿ ಸಣ್ಣದಿರ್ಲಿ.”

“ನಂಗೆ ಗೊತ್ತಿಲ್ವಾ ಖಾಲ್ತಿ? ಊರಿಗೆಲ್ಲ ಹೇಳ್ಕೊಡೋಳು ನಾನು.”

“ಅದೇ ನಂಗೆ ಭಯ.”

ದಲೆಂದಾ ಒಂದು ಕೈಯನ್ನು ಬೋಗುಣಿಯಲ್ಲಿಟ್ಟು, ಇನ್ನೊಂದರಿಂದ ಲ್ಯಾಪ್‌ಟಾಪು ತೆರೆದಳು. ಇವತ್ತು ಬರೆದೇ ತೀರುವುದೆಂದು ನಿಶ್ಚಯಿಸಿದ್ದಳು. ‘ನನ್ನ ತಾಯಿ’ ಎಂಬಲ್ಲಿಗೆ ಹೋದಳು. ಅಷ್ಟರಲ್ಲಿ ಗುಂಪಿನಲ್ಲಿ ಯಾರೋ ಹೊಸ ಮದುವಣಗಿತ್ತಿ ಕೇಳಿದ್ದಳು: ‘ಇದೇ ಮೊದಲ ಸಲ ಒಬ್ಬಳೇ ಇಳಿಸ್ತಿದ್ದೀನಿ. ಕೈಕಾಲು ನಡುಗ್ತಿದೆ. ಯಾರಾದ್ರೂ ಇದ್ದೀರಾ?’

ಪಾಪ, ಉತ್ತರಿಸದೆ ಇರುವುದುಂಟೇ? ಒಂದೇ ಕೈಯಲ್ಲಿ ಬರೆಯಲಾಗಲಿಲ್ಲ. ದಲೆಂದಾ ನೀರಿನಿಂದ ಕೈ ತೆಗೆದು ಬಟ್ಟೆಗೆ ಒರೆಸಿಕೊಂಡಳು. ‘ಹೆದರಬೇಡ ಮಗಳೇ,’ ಎಂದು ಶುರುಮಾಡಿ ಉರಿಯ ಬಗ್ಗೆ, ನೀರು ಬದಲಿಸುವ ಬಗ್ಗೆ ಉದ್ದಕ್ಕೂ ಬರೆದಳು. ‘ಏನೇ ಆದರೂ ಹಂಡೆಯಿಂದ ಕಣ್ಣು ಕೀಳಬೇಡ’ ಎಂಬ ಸಾಲಿಗೆ ಬಂದಾಗ ಗೋಡೆಯಾಚೆಯಿಂದ ನೆರೆಮನೆಯ ಮೊಂಜಿಯಾಳ ಕೂಗು ಕೇಳಿಸಿತು.

“ಏನ್ರೇ ಅದು, ಹೂವು ಇಳಿಸ್ತಿದ್ದೀರೋ ಬದನೆಕಾಯಿ ಸುಡ್ತಿದ್ದೀರೋ?”

ದಲೆಂದಾ ಹಾರಿ ಎದ್ದು ಉರಿ ಆರಿಸಿದಳು. ಬೋಗುಣಿಯ ನೀರು ಕೈ ಇಡಲಾಗದಷ್ಟು ಕಾದಿತ್ತು. ಹಂಡೆ ತಳ ಹಿಡಿದಿತ್ತು. ಖಾಲ್ತಿ ಮುಂಜಾನೆಯಿಂದ ಒಂದೊಂದೇ ತೊಟ್ಟು ಬಿಡಿಸಿದ್ದ ಹೂವೆಲ್ಲ ಸೀದುಹೋಗಿತ್ತು.

ಒಳಗಿನಿಂದ ಖಾಲ್ತಿ ಗೋಡೆ ಹಿಡಿದುಕೊಂಡು ಬಂದಳು. “ಕಿವಿ ಹೋಗಿದ್ದು ನಂದು. ನಿನ್ನ ಮೂಗಿಗೇನಾಯ್ತೇ?”

“ನನ್ನ ಕೈಲಿ ಏನೂ ಆಗಲ್ಲ ಖಾಲ್ತಿ,” ಎಂದಳು ದಲೆಂದಾ. “ಒಂದು ಪುಟ ಬರೆಯಕ್ಕಾಗ್ಲಿಲ್ಲ. ಒಂದು ಹಂಡೆ ಕಾಯಕ್ಕಾಗ್ಲಿಲ್ಲ.”

ಖಾಲ್ತಿ ಬೈಯಲಿಲ್ಲ. ಸೀಸೆಯ ತಳದಲ್ಲಿದ್ದ ಹೂನೀರನ್ನು ಮೂಸಿದಳು. ಆಮೇಲೆ ಉಗ್ರಾಣಕ್ಕೆ ಹೋಗಿ, ಬೆರಳುದ್ದದ ಹಳೆಯ ಕುಪ್ಪಿಯೊಂದನ್ನು ತಂದು ಅಕ್ಕನ ಮಗಳ ಮೂಗಿಗೆ ಹಿಡಿದಳು. ಒಳಗೆ ಒಣಗಿದ ಕಂದು ಕಲೆ. ಬಿರಡೆಯಲ್ಲಿ ಇನ್ನೂ ಎಳೆಯಷ್ಟು ಸೀದ ವಾಸನೆ.

“ಇದು ನಂದು,” ಎಂದಳು. “ಹದಿಮೂರು ವರ್ಷ ನಂಗೆ. ಬೀದೀಲಿ ಮದುವಣಗಿತ್ತಿಯ ಸಾಮಾನು ಮೆರವಣಿಗೆ ಹೋಗ್ತಿತ್ತು. ತಮಟೆ ಸದ್ದು ಕೇಳಿ ಹಂಡೆ ಬಿಟ್ಟು ಬಾಗ್ಲಿಗೆ ಓಡಿದ್ದೆ. ತಿರುಗಿ ಬರೋದ್ರೊಳಗೆ ಎಲ್ಲ ಸೀದುಹೋಗಿತ್ತು. ಅಮ್ಮ ಬಂದಳು. ನಾನು ಬಾಯಿ ಬಿಡೋ ಮುಂಚೆ ನಿಮ್ಮಮ್ಮ ಅಂದಳು, ‘ಕಾಯ್ತಿದ್ದೋಳು ನಾನು’ ಅಂತ.”

ದಲೆಂದಾ ಕಣ್ಣೊರೆಸಿಕೊಂಡಳು. “ಆಮೇಲೆ?”

“ಆಮೇಲೇನು, ಕಪಾಳಕ್ಕೆ ಬಿತ್ತು. ಮೂರು ವರ್ಷ ಅಕ್ಕನ್ನ ಹಂಡೆ ಹತ್ರ ಸೇರಿಸ್ಲಿಲ್ಲ. ಸಾಯೋವರೆಗೂ ಒಂದು ಸಲಾನೂ ನಂಗೆ ಅದನ್ನ ಎತ್ತಿ ಆಡ್ಲಿಲ್ಲ. ಆ ಸೀದ ನೀರಿದ್ದ ಈ ಕುಪ್ಪಿ ಮಾತ್ರ ನಾನು ಬಚ್ಚಿಟ್ಕೊಂಡೆ.”

ವರ್ಷ ವರ್ಷವೂ ಹೂನೀರು ಇಳಿಸಿದ ತಾಯಿಯನ್ನು ದಲೆಂದಾ ಬಲ್ಲಳು. ಹಂಡೆಯಿಂದ ದೂರ ಕೂತ ಈ ಹುಡುಗಿಯನ್ನು ಅವಳು ನೋಡಿಯೇ ಇರಲಿಲ್ಲ. ಲ್ಯಾಪ್‌ಟಾಪನ್ನು ಮೊಣಕಾಲ ಮೇಲೆಳೆದುಕೊಂಡಳು. ಗುಂಪಿನಿಂದ ಟಿಣ್ ಎಂದಿತು: ‘ನನ್ನ ಹೂನೀರು ಚೆನ್ನಾಗಿ ಬಂತು ಅಕ್ಕಾ, ನಿಮ್ಮ ಕೈಗೆ ಮುತ್ತು.’ ದಲೆಂದಾ ನಕ್ಕು ಆ ಕಿಟಕಿ ಮುಚ್ಚಿದಳು. ಖಾಲ್ತಿ ಎದುರಿಗೆ ಕೂತು ಹಂಡೆಯ ತಳ ಉಜ್ಜುತ್ತಿದ್ದಳು. ಅಂಗಳದ ಬಿಸಿಲು ಗೋಡೆ ಹತ್ತುವವರೆಗೆ ದಲೆಂದಾ ಬರೆದಳು.

ಪುಟ ಮುಗಿದಾಗ ದಲೆಂದಾ ಖಾಲ್ತಿಯ ಬಲಗಿವಿಯ ಪಕ್ಕ ಕೂತು ಓದತೊಡಗಿದಳು.

“ಜೋರಾಗಿ!”

ಇನ್ನೂ ಜೋರಾಗಿ ಓದಿದಳು. ತರಗತಿಯಲ್ಲಿ ಕೊನೆಯ ಬೆಂಚಿಗೆ ಕೇಳಿಸುತ್ತಿದ್ದ ಹಳೆಯ ದನಿ ಹೊರಗೆ ಬಂತು. ‘ಕಾಯುತ್ತಿದ್ದವಳು ನಾನು ಎಂದಳು ನನ್ನ ತಾಯಿ. ಕಾಯುತ್ತಿದ್ದವಳು ಅವಳಾಗಿರಲಿಲ್ಲ.’ ಗೋಡೆಯಾಚೆ ಮೊಂಜಿಯಾ ಪಾತ್ರೆ ತೊಳೆಯುವ ಸದ್ದು ನಿಂತಿತು. ಬೀದಿಯಲ್ಲಿ ಯಾರದೋ ಹೆಜ್ಜೆಯೂ ನಿಂತಿತು.

ಖಾಲ್ತಿ ಕಣ್ಣು ಮುಚ್ಚಿ ಕೇಳಿದಳು, ಕುಪ್ಪಿಯನ್ನು ಮುಷ್ಟಿಯಲ್ಲಿ ಹಿಡಿದು.

“ಒಂದು ತಪ್ಪಾಗಿದೆ,” ಎಂದಳು ಕೊನೆಗೆ. “ಕಪಾಳಕ್ಕೆ ಬಿದ್ದದ್ದು ಒಂದಲ್ಲ, ಎರಡು. ಸರಿಯಾಗಿ ಬರ್ಕೋ.”