ಕಿಟಕಿಯಾಚೆ ಎತ್ತಿದ ಕೈ

ಹಳದಿ, ಬಿಳಿ, ಮತ್ತೆ ಹಳದಿ, ಕೆಂಪು, ಇದೂ ಅವಳಲ್ಲ — ಕಣ್ಣು ಹಿಡಿಯುವಷ್ಟರಲ್ಲಿ ಕಾರು ಹೋಗಿಯೇ ಬಿಡುತ್ತದೆ, ಸದ್ದು ಮಾತ್ರ ಹಿಂದುಳಿದು ಎದೆಯೊಳಗೆ ಕೂತುಕೊಳ್ಳುತ್ತದೆ, ಸೊಸೆಯದು ನೀಲಿ, ನೀಲಿಯನ್ನು ಹುಡುಕಬೇಕು, ಹಿಂಬದಿಗೆ ಕಪ್ಪು ಗುಣಾಕಾರದ ಗುರುತಿನ ಹಳದಿ ಚೀಟಿ, ಓಡಿಸುವವಳು ಹೊಸಬಳು ಎಂದು ಹಿಂದಿನವರಿಗೆ ತಿಳಿಯಲಿ ಅಂತ ಕಾರು ರೇಸಿನ ಕ್ಲಬ್ಬಿನವರು ಅಂಟಿಸಿದ್ದು, ಆದರೆ ಎದುರಿನಿಂದ ಬರುವ ಕಾರಿನ ಹಿಂಬದಿ ಎಲ್ಲಿ ಕಾಣಬೇಕು, ತನ್ನ ಬುದ್ಧಿಗೆ ತಾನೇ ನಕ್ಕು ಅತ್ತೆ ಮಡಿಸುವ ಕುರ್ಚಿಯಲ್ಲಿ ಸರಿದು ಕೂತಳು. ಇದಿನ್ನೂ ಬರಿಯ ಅಭ್ಯಾಸವಂತೆ, ಪಂದ್ಯ ಊಟದ ನಂತರ, ಅಭ್ಯಾಸಕ್ಕೇ ಹೀಗಾದರೆ ಪಂದ್ಯಕ್ಕೆ ಏನು ಗತಿ — ಅಗೋ ನೀಲಿ, ಹೋಯಿತು, ಹೆಲ್ಮೆಟ್ಟಿನೊಳಗೆ ಯಾರಿದ್ದರೋ ದೇವರೇ ಬಲ್ಲ. ಮಡಿಲಲ್ಲಿ ಕೈಚೀಲ, ಕೈಚೀಲದಲ್ಲಿ ಫೋನು, ಫೋನಿನ ಆ ತುದಿಯಲ್ಲಿ ಮಗ, ಔಷಧದ ಅಂಗಡಿಯಲ್ಲಿ ಕೂತು ಉಗುರು ಕಚ್ಚುತ್ತಿರುತ್ತಾನೆ, ನೋಡೋಕೆ ನನ್ನ ಕೈಲಾಗಲ್ಲಮ್ಮ, ನೀನೇ ಹೋಗು, ನೋಡಿಬಿಟ್ಟು ಬೇಡ ಅಂತ ಹೇಳು, ನನ್ನ ಮಾತು ಅವಳಿಗೆ ನಾಟಲ್ಲ, ನೀನು ಹೇಳಿದ್ರೆ ಬಿಡ್ತಾಳೆ. ಹೌದು, ಬಿಡುತ್ತಾಳೆ, ಅದೇ ಅಲ್ಲವೇ ತೊಡಕು, ಬೆಳಿಗ್ಗೆ ಟ್ರೇಲರಿನ ಮೇಲೆ ಕಾರಿಗೆ ಹಗ್ಗ ಬಿಗಿಯುತ್ತ ಸೊಸೆಯೂ ಅದನ್ನೇ ಹೇಳಿದಳು, ಒಂದು ಸಲ ನೋಡಿ ಅತ್ತೆ, ನೋಡಿದ್ಮೇಲೂ ನೀವು ಬೇಡ ಅಂದ್ರೆ ಕಾರು ಮಾರಿಬಿಡ್ತೀನಿ — ಎತ್ತು ಏರಿಗೆ ಕೋಣ ನೀರಿಗೆ ಎಂದು ಗಂಡ ಹೆಂಡತಿ ಎಳೆದಾಡಿ ಎಳೆದಾಡಿ ಕೊನೆಗೆ ನೊಗವನ್ನು ತಂದು ಮುದುಕಿಯ ಕತ್ತಿಗೆ ಹಾಕಿದರು. ದಾರಿಯುದ್ದಕ್ಕೂ ಆಕೆ ಮಾತು ಜೋಡಿಸಿಕೊಂಡೇ ಬಂದಿದ್ದಳು, ಸಾಕು ಮಗಳೇ, ಬಿಟ್ಟುಬಿಡು, ನಮಗೆ ನೀನು ಬೇಕು. ಚಿಕ್ಕ ಮಾತು, ಪಂದ್ಯ ಮುಗಿದ ಮೇಲೆ ಹೇಳಿದರಾಯಿತು.

ಅಲ್ಲದೆ ಸೊಸೆಯ ಕೈ ಎಂಥದೆಂದು ಅತ್ತೆಗೆ ಗೊತ್ತಿಲ್ಲವೇ, ತಲೆ ನರೆಯುವ ತನಕ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿ ನಿಂತವಳು, ಎಷ್ಟೊಂದು ಡಾಕ್ಟರುಗಳ ಅಂಗೈಗೆ ಕತ್ತರಿ ಚಿಮಟ ಇಟ್ಟವಳು, ಅಲ್ಲಿ ಎಲ್ಲರ ಮುಖಕ್ಕೂ ಮುಸುಕು, ಮನುಷ್ಯನನ್ನು ಅಳೆಯಲು ಉಳಿಯುವುದು ಕೈಯೊಂದೇ, ಹೊರಗೆ ಕಾರಿಡಾರಿನಲ್ಲಿ ಹುಲಿಯಂತೆ ಗುಡುಗುವ ದೊಡ್ಡ ಡಾಕ್ಟರ ಬೆರಳು ರಕ್ತ ಚಿಮ್ಮಿದ ಕೂಡಲೇ ಹೇಗೆ ತಡಬಡಿಸುತ್ತಿತ್ತು, ಬಾಯಿ ಸತ್ತ ಆ ಸಣ್ಣ ಡಾಕ್ಟರ ಕೈ ಹೇಗೆ ನಿಂತಲ್ಲೇ ನಿಲ್ಲುತ್ತಿತ್ತು, ಎಲ್ಲ ಕಂಡವಳು. ಸೊಸೆಯದೋ, ಬೆಣ್ಣೆ ಸವರಿಕೊಂಡ ಕೈ, ಅವಳು ಮದುವೆಯಾಗಿ ಬಂದ ಮೇಲೆ ಮನೆಯಲ್ಲಿ ಒಂದೇ ಥರದ ಎರಡು ಚಹಾ ಕಪ್ಪು ಅಂತ ಉಳಿದಿಲ್ಲ, ಹಾಲಿಟ್ಟು ಒಲೆಯ ಮುಂದೆಯೇ ನಿಂತುಕೊಂಡು ಉಕ್ಕಿಸುತ್ತಾಳೆ, ಇವಳಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವ ಕೆಲಸ ಯಾವ ಪುಣ್ಯಾತ್ಮ ಕೊಟ್ಟನಪ್ಪ ಎಂದು ಅತ್ತೆ ನೆರೆಯವರ ಮುಂದೆ ಆಡಿ ನಕ್ಕಿದ್ದೂ ಉಂಟು. ಊಟದ ಹೊತ್ತಿಗೆ ಕಾರುಗಳು ನಿಲ್ಲುವ ಅಂಗಳಕ್ಕೆ ಹೋದರೆ ಸೊಸೆ ತನ್ನ ಕಾರಿನ ಹತ್ತಿರವೇ ಇಲ್ಲ, ಪಕ್ಕದ ಕೆಂಪು ಕಾರಿನ ಅಡಿಯಿಂದ ಅವಳ ಎರಡು ಕಾಲು ಮಾತ್ರ ಹೊರಗೆ, ಕೆಂಪು ಕಾರಿನವನು ಹಲ್ಲಿನ ಡಾಕ್ಟರಂತೆ, ಕಂಬದಷ್ಟು ಉದ್ದ, ಪಾಪ ಟಾರ್ಚು ಹಿಡಿದು ಬಗ್ಗಿ ನಿಂತಿದ್ದಾನೆ, ಅವನ ಕಾರಿನ ಕೇಬಲ್ಲು ತುಂಡಾಗಿದೆ, ಇವಳು ತನಗೆಂದು ತಂದಿಟ್ಟುಕೊಂಡಿದ್ದನ್ನು ಅವನಿಗೆ ಹಾಕಿಕೊಡುತ್ತಿದ್ದಾಳೆ. ಎದುರಾಳಿಗೆ ಯಾರಾದರೂ ಕೊಡುತ್ತಾರೆಯೇ ಎಂದು ಅತ್ತೆ ಪಿಸುಗುಟ್ಟಿದ್ದಕ್ಕೆ ಇಲ್ಲಿ ಎಲ್ಲರೂ ಹೀಗೇ ಎಂದಳು, ಮುಖದ ತುಂಬ ಗ್ರೀಸು, ಅವರು ಓಡದೇ ಇದ್ರೆ ನಾನು ಯಾರನ್ನ ಹಿಂದೆ ಹಾಕ್ಲಿ ಅತ್ತೆ. ಸಾಲಾಗಿ ನಿಂತ ಕಾರುಗಳ ದೀಪಗಳಿಗೆಲ್ಲ ಅಡ್ಡಡ್ಡ ಟೇಪು, ಕಣ್ಣಿನ ಆಪರೇಷನ್ ಆದ ವಾರ್ಡಿನ ಹಾಗೆ, ಗುದ್ದಿದರೆ ಗಾಜು ರಸ್ತೆಗೆ ಬಿದ್ದು ಇನ್ನೊಬ್ಬರ ಚಕ್ರಕ್ಕೆ ಚುಚ್ಚಬಾರದಂತೆ — ಗುದ್ದಿದರೆ, ಎಂದು ಸೊಸೆ ಎಷ್ಟು ಸಲೀಸಾಗಿ ಹೇಳಿದಳು. ಅತ್ತೆ ತಾನು ಕೊಂಡೊಯ್ದಿದ್ದ ಬ್ರೆಡ್ಡನ್ನು ಮತ್ತೆ ಕೈಚೀಲಕ್ಕೆ ಸೇರಿಸಿದಳು.

ಈಗ ಬಂದವು, ಎರಡೆರಡಾಗಿ ಬಂದು ಬಿಳಿ ಗೆರೆಗಳ ಮೇಲೆ ನಿಂತವು, ತಂತಿ ಬೇಲಿಗೆ ಮೂಗು ತಾಗುವಷ್ಟು ಹತ್ತಿರ ಅತ್ತೆ, ಪಕ್ಕದಲ್ಲಿ ಬೆಳಗಿನಿಂದ ಚಹಾ ಬಗ್ಗಿಸಿ ಬಗ್ಗಿಸಿ ಕೊಡುತ್ತಿರುವ ಫ್ಲಾಸ್ಕಿನ ಯಜಮಾನರು, ಪ್ರಾಯದಲ್ಲಿ ತಾವೂ ಓಡಿಸಿದವರಂತೆ, ಈಗ ಮಂಡಿನೋವು. ನೀಲಿ ಎರಡನೇ ಸಾಲಿನಲ್ಲಿ, ಅದರ ಬೆನ್ನಿಗೇ ಕೆಂಪು, ಅದರ ಹಿಂದೆ ಉಳಿದ ಜಾತ್ರೆಯೆಲ್ಲ, ಎದುರಿನ ಕಂಬದಲ್ಲಿ ಹೊರಡುವ ಸೂಚನೆಯ ಕೆಂಪು ದೀಪ ಹತ್ತಿತು, ಎಲ್ಲ ಎಂಜಿನ್ನುಗಳೂ ಒಟ್ಟಿಗೆ ಅರಚಿದವು, ನೆಲ ಅಂಗಾಲಿಗೆ ಕಚಗುಳಿಯಿಟ್ಟಿತು, ದೀಪ ಆರಿತು, ಎಲ್ಲ ಹೊರಟವು, ನೀಲಿ ಹೊರಡಲಿಲ್ಲ. ಕಿಟಕಿಯಿಂದ ಒಂದು ಕೈ ಆಚೆ ಬಂತು, ಬಿಳಿ ಗ್ಲೌಸು, ನೆಟ್ಟಗೆ ಮೇಲಕ್ಕೆ, ಬೆರಳೆಲ್ಲ ಅಗಲಿಸಿ — ಅಯ್ಯೋ ನನ್ನನ್ನು ನೋಡಿದಳಲ್ಲ, ಇಷ್ಟು ಗದ್ದಲದಲ್ಲೂ ಅತ್ತೆ ಎಲ್ಲಿ ಕೂತಿದ್ದಾಳೆಂದು ನೋಡಿದಳಲ್ಲ, ಎಂದು ಆಕೆ ಧಡಕ್ಕನೆ ಎದ್ದು ಮಡಿಲಿಂದ ಕೈಚೀಲ ಬಿದ್ದದ್ದೂ ತಿಳಿಯದೆ ಎರಡೂ ಕೈಯೆತ್ತಿ ಟಾಟಾ ಮಾಡಿದಳು, ಬಸ್ಸು ಹತ್ತಿಸಿದವರ ಹಾಗೆ. ಫ್ಲಾಸ್ಕಿನ ಯಜಮಾನರು ನಗಲಿಲ್ಲ, ಅಮ್ಮಾ ಅದು ನಿಮಗಲ್ಲ, ಎಂಜಿನ್ ಆಫ್ ಆಗಿದೆ, ನಾನು ಇಲ್ಲೇ ನಿಂತಿದೀನಿ, ಗುದ್ದಬೇಡಿ ಅಂತ ಹಿಂದಿನವರಿಗೆ ತೋರಿಸ್ತಿದಾಳೆ. ಅತ್ತೆಯ ಕೈಗಳು ಗಾಳಿಯಲ್ಲೇ ಉಳಿದವು, ಕೆಂಪು ಅವಳ ಬೆನ್ನಿಗೇ ನುಗ್ಗಿ ಬಂತು, ಕೂದಲೆಳೆಯಷ್ಟರಲ್ಲಿ ಹೊರಳಿತು, ಅದರ ಹಿಂದೆ ಹಳದಿ, ಬಿಳಿ, ಆ ಪಕ್ಕ ಒಂದು ಈ ಪಕ್ಕ ಒಂದು, ಹೊಳೆಯ ನಡುವಿನ ಕಲ್ಲಿಗೆ ನೀರು ಸೀಳಿದ ಹಾಗೆ ಸೀಳಿ ಸೀಳಿ ಹೋಗುತ್ತಿವೆ, ಗಾಳಿಗೆ ನೀಲಿ ಕಾರು ಅಲುಗುತ್ತಿದೆ, ಕೈ ಅಲುಗುತ್ತಿಲ್ಲ, ಒಳಗೆಳೆದುಕೊಳ್ಳೇ ಹುಡುಗಿ, ತಲೆ ತಗ್ಗಿಸು, ಮುದುರಿಕೋ, ಯಾರಾದರೂ ಹಾಗೇ ಮಾಡುತ್ತಾರೆ, ಅವಳು ಮಾಡುತ್ತಿಲ್ಲ. ಅಷ್ಟು ವರ್ಷ ಅಷ್ಟು ಕೈ ನೋಡಿದವಳು ಅತ್ತೆ, ಇಂಥ ಕೈ ನೋಡಿರಲಿಲ್ಲ.

ಕೊನೆಯ ಕಾರೂ ದಾಟಿದ ಮೇಲೆ ನೀಲಿ ಕೆಮ್ಮಿತು, ಗುರುಗುಟ್ಟಿತು, ಹೊರಟಿತು, ಕೈ ಒಳಗೆ ಹೋಯಿತು, ಆಗ ಅತ್ತೆ ತನ್ನ ಕೈ ಇಳಿಸಿ ಕೈಚೀಲ ಎತ್ತಿಕೊಂಡಳು — ಬಂದಳು, ಮೊದಲ ಸುತ್ತಿಗೆ ಎಲ್ಲರ ಹಿಂದೆ, ಒಬ್ಬಳೇ, ಶಾಲೆಗೆ ತಡವಾಗಿ ಬಂದ ಮಗುವಿನ ಹಾಗೆ, ಪಾಪ ಎನ್ನುವಷ್ಟರಲ್ಲಿ ಹೋದಳು, ಮತ್ತೆ ಬಂದಾಗ ಅವಳ ಹಿಂದೆ ಒಂದು ಹಳದಿ ಇದೆ, ಅದು ಹೇಗೆ ಹಿಂದಾಯಿತು, ಎದುರಿನ ತಿರುವಿನಲ್ಲಿ ನೋಡಿ ಎಂದರು ಯಜಮಾನರು, ಎಲ್ಲರೂ ಬ್ರೇಕು ಹಾಕುವ ಜಾಗದಲ್ಲಿ ನಿಮ್ಮ ಹುಡುಗಿ ಹಾಕೋದಿಲ್ಲ, ಸ್ವಲ್ಪ ತಡೀತಾಳೆ. ಅತ್ತೆ ನೋಡಿದಳು, ಹೌದು, ತಡೆಯುತ್ತಾಳೆ, ಎಲ್ಲರ ಹಿಂದಿನ ಕೆಂಪು ದೀಪ ಮಿನುಗಿದ ಮೇಲೆ ಒಂದು ಗುಟುಕಿನಷ್ಟು ಹೊತ್ತು ಅವಳದು ಕಪ್ಪಾಗಿಯೇ ಇರುತ್ತದೆ, ಆಮೇಲೆ ಹತ್ತುತ್ತದೆ, ಕಾರು ಒಳಮಗ್ಗುಲಿಗೆ ಜಾರುತ್ತದೆ, ಹುಚ್ಚಾಟವಲ್ಲ, ಲೆಕ್ಕಾಚಾರ, ಚರ್ಮದ ಮೇಲೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರುವ ಚೂರಿಯಂತೆ — ಇದೇ ಕೈಯೇ ಹಾಲು ಉಕ್ಕಿಸುವುದು, ಇದೇ ಕೈಯೇ ಕಪ್ಪು ಒಡೆಯುವುದು, ಅಥವಾ ಮನೆಯ ಕಪ್ಪುಗಳೆಂದರೆ ಅವಳಿಗೆ ಲೆಕ್ಕಕ್ಕೇ ಇಲ್ಲವೋ, ಕೈಯೆಲ್ಲ ಇದಕ್ಕೆಂದೇ ಎತ್ತಿಟ್ಟುಕೊಂಡಿದ್ದಾಳೋ, ಎತ್ತಿದ ಕೈ, ಬಿಳಿ ಗ್ಲೌಸು, ಬೇಡ ಈಗ ಅದು ಬೇಡ, ಬಂದಳು ಬಂದಳು, ಬಿಳಿಯದನ್ನೂ ಹಾಕಿದಳು ಹಿಂದೆ, ಹಾಗೇ ಕಣೇ, ಹಾಗೇ, ಎಂದು ಯಾರೋ ಕೂಗುತ್ತಿದ್ದಾರೆ, ಕೂಗುತ್ತಿರುವುದು ತಾನೇ ಎಂದು ಅತ್ತೆಗೆ ಗೊತ್ತಾಗುವಾಗ ಅಕ್ಕಪಕ್ಕದವರೆಲ್ಲ ಆಗಲೇ ತಿರುಗಿ ನೋಡುತ್ತಿದ್ದರು. ಕೊನೆಯ ಸುತ್ತಿನಲ್ಲಿ ಅವಳ ಮುಂದೆ ಇನ್ನೂ ಕೆಲವರು, ಅವಳ ಮೂಗಿನ ಮುಂದೆಯೇ ಆ ಕೆಂಪು ಕಾರು, ಹಲ್ಲಿನ ಡಾಕ್ಟರು, ಮೂತಿಗೆ ಬಾಲ ತಾಗುವಷ್ಟು ಹತ್ತಿರ, ದಾಟಲಿಲ್ಲ, ಪಂದ್ಯ ಮುಗಿಯಿತೆನ್ನುವ ಚೌಕುಳಿ ಬಾವುಟ ಬಿದ್ದೇ ಬಿಟ್ಟಿತು, ಅವಳು ಕೊಟ್ಟ ಕೇಬಲ್ಲು ಅವಳ ಮುಂದೆಯೇ ಓಡಿತು, ಅತ್ತೆಗೆ ಅಳುವೂ ನಗುವೂ ಒಟ್ಟಿಗೆ ಬಂತು. ಎಲ್ಲರಿಗಿಂತ ಹಿಂದಿದ್ದವಳು ಅರ್ಧಕ್ಕರ್ಧ ಜನರನ್ನು ಹಿಂದಿಕ್ಕಿ ಬಂದಿದ್ದಳು.

ಅಂಗಳದಲ್ಲಿ ಸೊಸೆ ಹೆಲ್ಮೆಟ್ಟು ತೆಗೆದು ಕಾರಿಗೆ ಒರಗಿ ನಿಂತಿದ್ದಾಳೆ, ಕೂದಲೆಲ್ಲ ಹಣೆಗೆ ಅಂಟಿ, ಕಂಬದಂಥ ಡಾಕ್ಟರು ಅವಳ ಬೆನ್ನು ತಟ್ಟಿ ಹೋದರು, ನೀರಿನ ಬಾಟಲಿಯ ಮುಚ್ಚಳ ತಿರುವಲು ಬರುತ್ತಿಲ್ಲ, ಬೆರಳು ಗಡಗಡ ನಡುಗುತ್ತಿವೆ, ಈಗ, ಎಲ್ಲ ಮುಗಿದ ಮೇಲೆ, ಅತ್ತೆ ಬಾಟಲಿ ತೆಗೆದುಕೊಂಡು ಮುಚ್ಚಳ ಬಿಚ್ಚಿ ಅವಳ ಅಂಗೈಗೆ ಇಟ್ಟಳು, ಕತ್ತರಿ ಚಿಮಟ ಇಡುತ್ತಿದ್ದ ಹಾಗೆ, ಹಿಡಿತ ಸಿಕ್ಕಿತೆಂದು ಗೊತ್ತಾಗುವ ತನಕ ಬಿಡಲಿಲ್ಲ. ಹೇಳಿ ಅತ್ತೆ ಎಂದಳು ಸೊಸೆ, ಕಣ್ಣು ನೆಲದ ಮೇಲೆ. ಹೇಳಬೇಕು, ಜೋಡಿಸಿಟ್ಟ ಮಾತು ನಾಲಗೆಯ ತುದಿಯಲ್ಲೇ ಇದೆ, ಸಾಕು ಮಗಳೇ, ಬಾಯಿಂದ ಬಂದದ್ದು ಬೇರೆ, ಅವರೆಲ್ಲ ಮೈಮೇಲೆ ಬರೋವಾಗ ನಿಂಗೆ ಭಯ ಆಗ್ಲಿಲ್ವೇನೇ. ಆಯ್ತು ಅತ್ತೆ, ತುಂಬಾ ಆಯ್ತು, ಆದ್ರೆ ಕೈ ಇಳಿಸಿದ್ರೆ ಹಿಂದೆ ಬರೋರಿಗೆ ನಾನು ಕಾಣಲ್ವಲ್ಲ, ನನಗೆ ಗುದ್ದಿದ್ರೆ ಅವರೂ ಸಾಯ್ತಾರೆ. ಕೈಚೀಲದಲ್ಲಿ ಫೋನು ಬಡಿದುಕೊಳ್ಳುತ್ತಿದೆ, ಮಗ, ಹೇಳಿದ್ಯಾಮ್ಮ, ಏನಂದ್ಲು, ಹೂಂ ಅಂದ್ಲಾ — ಬೇಡ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ ಕಣೋ ಎಂದಳು ಅತ್ತೆ, ಹೆದರಿಕೆ ಆಯ್ತು, ನಿನಗಿಂತ ಜಾಸ್ತಿನೇ ಆಯ್ತು, ಮುಂದಿನ ಸಲ ನೀನೂ ಬಾ, ಪಕ್ಕದಲ್ಲಿ ಕೂತು ಇಬ್ರೂ ಹೆದರೋಣ. ಸೊಸೆ ತಲೆಯೆತ್ತಿದಳು, ಮಗ ಆ ತುದಿಯಲ್ಲಿ ಏನೋ ಕೂಗುತ್ತಿದ್ದಾನೆ, ಅಮ್ಮ ಅಮ್ಮ ಎನ್ನುತ್ತಿದ್ದಾನೆ, ಅತ್ತೆಯ ಕಣ್ಣ ಮುಂದೆ ಮತ್ತೆ ಹಳದಿ ಸೀಳಿ ಹೋಗುತ್ತಿದೆ, ಬಿಳಿ ಸೀಳಿ ಹೋಗುತ್ತಿದೆ, ಒಂದು ಕೈ ಒಳಗೆ ಎಂಜಿನ್ ಹೊತ್ತಿಸಲು ಗುಂಡಿ ಒತ್ತುತ್ತಿರಬೇಕು, ಇನ್ನೊಂದು ಕಿಟಕಿಯಾಚೆ, ನೆಟ್ಟಗೆ, ಬೆರಳು ಅಗಲಿಸಿ, ಆ ಕೈ, ಎತ್ತಿದ ಕೈ ಎತ್ತಿದ ಹಾಗೇ —